ಬಿಸಿಲು ಕಾಯುವ ಬೆಂಚು

ನಮ್ಮ ಮನೆಗೆ ಬರುವ ನೆಂಟರಲ್ಲಿ ನನ್ನದೊಂದೇ ಕೋರಿಕೆ. ತಾರಸಿಯ ಮೇಲಿರುವ ಸಾಗುವಾನಿ ಬೆಂಚಿನ ಮೇಲೆ ಕೂರಿ, ಕಾಲು ಚಾಚಿ, ಬೇಕಾದರೆ ಒಂದು ನಿದ್ದೆ ತೆಗೆಯಿರಿ. ಅದರ ಬಣ್ಣದ ಸುದ್ದಿ ಮಾತ್ರ ಎತ್ತಬೇಡಿ. ಎತ್ತಿದಿರೋ, ಕಾಫಿ ಆರುತ್ತದೆ, ಬಸ್ಸು ತಪ್ಪುತ್ತದೆ. ಅಮ್ಮನ ಪ್ರಕಾರ ಅದು ಜೋನಿಬೆಲ್ಲದ, ಅಂದರೆ ನಮ್ಮ ಕಡೆಯ ನೀರುಬೆಲ್ಲದ, ಬಣ್ಣದ ಬೆಂಚು. ಹೆಂಡತಿಯ ಪ್ರಕಾರ ಜೇನುಬಣ್ಣದ್ದು. ಮಗಳ ಪ್ರಕಾರ ‘ಸಿಲ್ವರ್ ಗ್ರೇ’. ಮೂವರಲ್ಲಿ ಕಣ್ಣೆದುರು ಇರುವುದನ್ನು ಹೇಳುವವಳು ಮಗಳೊಬ್ಬಳೇ. ಹಾಗಂತ ಉಳಿದಿಬ್ಬರೂ ಸುಳ್ಳಾಡುತ್ತಿಲ್ಲ. ಅವರವರು ಮೆಚ್ಚಿಕೊಂಡ ಕಾಲಕ್ಕೆ ಬೆಂಚು ಹಾಗೇ ಇತ್ತು. ನಾನು ಯಾರ ಪಕ್ಷ ಎಂದರೆ, ಆ ಹೊತ್ತಿಗೆ ಊಟ ಬಡಿಸುತ್ತಿರುವವರ ಪಕ್ಷ.

ಬೆಂಚು ಮೊದಲು ಇದ್ದದ್ದು ಸಿದ್ದಾಪುರ ಸೀಮೆಯ ನಮ್ಮ ಹಳೇ ಮನೆಯ ಜಗಲಿಯಲ್ಲಿ. ಜಗಲಿ ಪಡುವಣಕ್ಕೆ ಮುಖ. ಮಧ್ಯಾಹ್ನ ಕಳೆದ ಮೇಲೆ ಬಿಸಿಲು ಅಂಗಳದ ಅಡಿಕೆ ಚಪ್ಪರ ದಾಟಿ, ಮೆಟ್ಟಿಲು ಹತ್ತಿ, ಬೆಂಚಿನ ಕಾಲು ಹಿಡಿದು ನಿಧಾನಕ್ಕೆ ಮೇಲೇರುತ್ತಿತ್ತು. ಎಡತುದಿಯಲ್ಲಿ ಅಜ್ಜ. ಅವನ ಬಲಕ್ಕೆ ಕವಳದ ಹರಿವಾಣ. ಹರಿವಾಣದ ಆಚೆ ಅವತ್ತಿನ ಪತ್ರಿಕೆ, ಅದರಾಚೆ ಯಾರಾದರೂ ಬಂದವರು. ಬಂದವರು ಎಲೆಗೆ ಸುಣ್ಣ ಹಚ್ಚಿ, ಬೆರಳಿಗೆ ಉಳಿದದ್ದನ್ನು ಯಾರೂ ನೋಡದಂತೆ ಬೆಂಚಿನ ಅಡಿಗೆ ಒರೆಸುತ್ತಿದ್ದರು. ನಮ್ಮ ಕಡೆಯ ಮನೆಗಳ ಕಂಬ, ಬಾಗಿಲುವಾಡ, ಬೆಂಚಿನ ಅಡಿಭಾಗ ಇವುಗಳ ಮೇಲೆ ಮೂರು ತಲೆಮಾರಿನ ಬೆರಳುಗಳು ಸುಣ್ಣದಲ್ಲಿ ರುಜು ಹಾಕಿವೆ. ಮನುಷ್ಯ ಎಷ್ಟೇ ಗಂಭೀರ ಇರಲಿ, ಕವಳ ಹಾಕಿದ ಮೇಲೆ ಅವನ ಬೆರಳು ತನ್ನ ಪಾಡಿಗೆ ತಾನು ಕೆಲಸ ಮುಗಿಸಿಬಿಡುತ್ತದೆ.

ಮಳೆಗಾಲಕ್ಕೆ ಮೊದಲು ಜಗಲಿಯ ಹೊರಗೆ ಅಡಿಕೆ ಸೋಗೆಯ ಜಡಿ ಕಟ್ಟುತ್ತಿದ್ದರು. ಕಟ್ಟಿದ ದಿನದಿಂದ ಜಗಲಿಗೆ ಹಗಲಲ್ಲೂ ಕತ್ತಲು. ದೀಪಾವಳಿ ಹೊತ್ತಿಗೆ ಜಡಿ ಬಿಚ್ಚಿದರೆ ಮತ್ತೆ ಬಿಸಿಲು. ಹೀಗಾಗಿ ಬೆಂಚಿಗೆ ವರ್ಷದಲ್ಲಿ ಅರ್ಧದಷ್ಟು ಕಾಲ ಬಿಸಿಲು ಸಿಕ್ಕಿತು, ಮಳೆ ಒಂದು ಹನಿಯೂ ತಾಗಲಿಲ್ಲ. ಅದು ಜೋನಿಬೆಲ್ಲದ ಬಣ್ಣಕ್ಕೆ ತಿರುಗಿದ್ದಕ್ಕೆ ಬಿಸಿಲಿನಷ್ಟೇ ಆ ಸೋಗೆಯ ಜಡಿಯೂ ಕಾರಣ. ಅಡಿಗೆಮನೆಯಿಂದ ಬರುತ್ತಿದ್ದ ಹೊಗೆ, ಎಣ್ಣೆ ಹಚ್ಚಿದ ತಲೆಗಳು, ಬೆವರಿದ ಬೆನ್ನುಗಳು ಇವುಗಳ ಪಾಲೂ ಇದ್ದೀತು. ಅಮ್ಮನ ಎದುರು ತಲೆ, ಬೆನ್ನುಗಳ ಸುದ್ದಿ ಹೇಳುವ ಹಾಗಿಲ್ಲ. ಅವಳಿಗೆ ಅದು ಮರದ್ದೇ ಬಣ್ಣ.

ಅಜ್ಜ ಹೋದ ಮೇಲೆ ಹರಿವಾಣ ಒಳಗೆ ಹೋಯಿತು. ಅದು ಕೂತಿದ್ದ ಜಾಗದಲ್ಲಿ ಒಂದು ದುಂಡನೆಯ ತಿಳಿ ಬಣ್ಣದ ಗುರುತು ಉಳಿಯಿತು. ಇಡೀ ಹಲಗೆ ಕಂದಿದ್ದರೂ ಆ ಒಂದು ವೃತ್ತ ಮಾತ್ರ ಆಚಾರಿ ಮಾಡಿಕೊಟ್ಟ ದಿನದ ಬಣ್ಣದಲ್ಲೇ ಇತ್ತು. ಅದರ ಅಂಚಿನಲ್ಲಿ ಸುಣ್ಣದ ಡಬ್ಬಿ ಸೋರಿ ಆದ ಕಪ್ಪು ಚುಕ್ಕೆಗಳು. ರಜೆಗೆ ಊರಿಗೆ ಹೋದಾಗೆಲ್ಲ ನಾನು ಮೊದಲು ಅದನ್ನೇ ಹುಡುಕುತ್ತಿದ್ದೆ. ವರ್ಷದಿಂದ ವರ್ಷಕ್ಕೆ ಹುಡುಕುವುದು ಕಷ್ಟವಾಯಿತು. ಹರಿವಾಣ ಎತ್ತಿದ ಮರುದಿನದಿಂದಲೇ ಬಿಸಿಲು ಆ ಜಾಗವನ್ನು ಉಳಿದ ಹಲಗೆಗೆ ಸಮ ಮಾಡಲು ಹೊರಟಿತ್ತು. ಕೊನೆಗೆ ಚುಕ್ಕೆಗಳು ಉಳಿದವು, ವೃತ್ತ ಹೋಯಿತು. ಈಗಲೂ ಕಾಣುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. “ಎಲ್ಲಿ?” ಎಂದರೆ ಬೆರಳಿಟ್ಟು ತೋರಿಸುತ್ತಿದ್ದಳು. ಪ್ರತಿ ಸಲವೂ ಬೇರೆ ಬೇರೆ ಜಾಗ.

ಬಿಸಿಲು ಮರಕ್ಕೆ ಏನು ಮಾಡುತ್ತದೆ ಎಂಬುದನ್ನು ನಾನು ಓದಿ ತಿಳಿದದ್ದು ಬಹಳ ತಡವಾಗಿ. ಮರದಲ್ಲಿ ಸೆಲ್ಯುಲೋಸಿನ ಎಳೆಗಳಿವೆ. ಆ ಎಳೆಗಳ ನಡುವೆ ಇಟ್ಟಿಗೆಗಳ ನಡುವಿನ ಗಾರೆಯ ಹಾಗೆ ಲಿಗ್ನಿನ್ ಎಂಬ ವಸ್ತು ಕೂತಿದೆ. ಮರದ ಒಣತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅದೇ. ನೆಲಕ್ಕೆ ತಲುಪುವ ಬಿಸಿಲಿನಲ್ಲಿ ಅತಿನೇರಳೆ ಕಿರಣಗಳ ಪಾಲು ನೂರಕ್ಕೆ ಸುಮಾರು 5 ಮಾತ್ರ. ಆದರೆ ಲಿಗ್ನಿನ್ನಿಗೆ ಅದರ ಮೇಲೇ ಆಸೆ. ಸಿಕ್ಕಿದ್ದನ್ನೆಲ್ಲ ಹೀರಿಕೊಂಡು ತಾನೇ ಒಡೆದುಹೋಗುತ್ತದೆ. ಒಡೆದ ಚೂರುಗಳಿಗೆ ಹಳದಿ, ಕಂದು ಬಣ್ಣ. ಮಳೆ ಬೀಳದ ಜಾಗದಲ್ಲಿ ಆ ಚೂರುಗಳು ಅಲ್ಲೇ ಉಳಿದು ಮರ ಕಂದುತ್ತ ಹೋಗುತ್ತದೆ. ಮಳೆ ಬಿದ್ದರೆ ಅವು ನೀರಲ್ಲಿ ಕರಗಿ ತೊಳೆದುಹೋಗಿ, ಬಣ್ಣವಿಲ್ಲದ ಸೆಲ್ಯುಲೋಸಿನ ಎಳೆಗಳಷ್ಟೇ ಮೇಲೆ ಉಳಿಯುತ್ತವೆ. ಅವುಗಳ ಮೇಲೆ ಸಣ್ಣ ಶಿಲೀಂಧ್ರ ಬಂದು ಕೂತರೆ ಬೂದು ಬಣ್ಣ. ಒಂದೇ ಬಿಸಿಲು ಜಗಲಿಯ ಮೇಲಿನ ಮರವನ್ನು ಕಪ್ಪಾಗಿಸುತ್ತದೆ, ಅಂಗಳಕ್ಕೆ ಇಳಿದ ಮರವನ್ನು ಬೆಳ್ಳಗಾಗಿಸುತ್ತದೆ. ಸೂರು ಇದ್ದವರಿಗೂ ಇಲ್ಲದವರಿಗೂ ಬಿಸಿಲು ಬೇರೆ ಬೇರೆ ಎಂಬುದು ಮರದ ವಿಷಯದಲ್ಲೂ ನಿಜ.

ಇದೇ ಲಿಗ್ನಿನ್ ಅಜ್ಜನ ಪಕ್ಕದಲ್ಲಿದ್ದ ಪತ್ರಿಕೆಯಲ್ಲೂ ಇತ್ತು. ನ್ಯೂಸ್‌ಪ್ರಿಂಟ್ ಅಗ್ಗದ ಕಾಗದ. ಮರವನ್ನು ಅರೆದು ಮಾಡುವ ತಿರುಳಿನಲ್ಲಿ ಲಿಗ್ನಿನ್ ಬಹುಪಾಲು ಹಾಗೇ ಉಳಿಯುತ್ತದೆ. ಒಂದು ಕಾಲಕ್ಕೆ ನಮ್ಮ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸಿನಲ್ಲೂ ನ್ಯೂಸ್‌ಪ್ರಿಂಟ್ ತಯಾರಾಗುತ್ತಿತ್ತು. ಬೆಳಿಗ್ಗೆ ಮರೆತು ಬೆಂಚಿನ ಮೇಲೆ ಬಿಟ್ಟ ಪತ್ರಿಕೆ ಸಂಜೆಯ ಬಿಸಿಲು ತಿಂದು ನಾಲ್ಕು ದಿನಕ್ಕೆ ಹಳದಿಯಾಗುತ್ತಿತ್ತು. ಬೆಂಚು ಅದೇ ಕೆಲಸಕ್ಕೆ ವರ್ಷಗಟ್ಟಲೆ ತೆಗೆದುಕೊಂಡಿತು. ಅಜ್ಜ ಮಾತ್ರ “ಪೇಪರಿನವರು ಈಗೀಗ ಹಳೇ ಕಾಗದ ಹಾಕ್ತಾರೆ” ಎಂದು ಪತ್ರಿಕೆಯವರನ್ನೇ ಬೈಯುತ್ತಿದ್ದ.

ಎಲ್ಲ ಮರಕ್ಕೂ ಒಂದೇ ಸ್ವಭಾವವಿಲ್ಲ. ಬೆಂಚಿನ ಪಕ್ಕದ ಹೆಬ್ಬಾಗಿಲು ಹಲಸಿನದ್ದು. ಹಲಸಿನ ಹಲಗೆ ಕೊಯ್ದ ದಿನ ಅರಿಶಿನದ ಹಳದಿ. ಆ ಹಳದಿ ಎಷ್ಟು ಗಟ್ಟಿ ಎಂದರೆ, ಅದರ ಪುಡಿಯನ್ನು ಕುದಿಸಿ ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಹಾಕುವ ರೂಢಿ ಪೂರ್ವದೇಶಗಳಲ್ಲಿ ಇತ್ತು. ಅದೇ ಹಲಗೆ ಬೆಳಕು, ಗಾಳಿ ತಿಂದು ವರ್ಷ ಕಳೆದಂತೆ ಕೆಂಪಗೆ, ಆಮೇಲೆ ಕಡುಗಂದಾಗುತ್ತದೆ. ಬೀಟೆ ತದ್ವಿರುದ್ಧ. ನೇರಳೆ ಮಿಶ್ರಿತ ಕಪ್ಪಿನ ಗತ್ತಿನಲ್ಲಿ ಮನೆಗೆ ಬಂದು, ಕಿಟಕಿಯ ಬಿಸಿಲಿಗೆ ಸಿಕ್ಕಿದರೆ ಬಡಕಲು ಕಂದಾಗಿ ಸಪ್ಪಗಾಗುತ್ತದೆ. ಮೈಸೂರಿನಲ್ಲಿ ಬೀಟೆ ಹಲಗೆಯ ಮೇಲೆ ಬೇರೆ ಬೇರೆ ಮರದ ಚೂರು ಕೂರಿಸಿ ಆನೆ, ಅಂಬಾರಿ, ತೆಂಗಿನ ತೋಟ ಮಾಡುವವರು ಬಣ್ಣ ಬಳಿಯುವುದಿಲ್ಲ, ಮರದ ಸ್ವಂತ ಬಣ್ಣವನ್ನೇ ನೆಚ್ಚುತ್ತಾರೆ. ಅಂಥ ಚಿತ್ರವನ್ನು ಬಿಸಿಲು ಬೀಳುವ ಗೋಡೆಗೆ ನೇತುಹಾಕಿದವರ ಮನೆಯಲ್ಲಿ ನಾನು ನೋಡಿದ್ದೇನೆ. ಕಪ್ಪು ತಿಳಿಯಾಗುತ್ತ, ತಿಳಿ ಕಪ್ಪಾಗುತ್ತ, ಆನೆಯೂ ಆಕಾಶವೂ ಮಧ್ಯದಲ್ಲೆಲ್ಲೋ ರಾಜಿಯಾಗಿದ್ದವು.

ಪಾಲಾದಾಗ ತೋಟ, ಮನೆ ತಮ್ಮನಿಗೆ, ಬೆಂಚು ನನಗೆ. (ಬೇರೆಯೂ ಬಂತು ಬಿಡಿ, ಇಲ್ಲಿ ಅದರ ಲೆಕ್ಕ ಬೇಡ.) ಬೆಂಗಳೂರಿಗೆ ಲಾರಿಯಲ್ಲಿ ಬರುವಾಗ ಅದರ ಮೇಲೆ ಯಾರದೋ ಗೋದ್ರೆಜ್ ಕಪಾಟು ಒರಗಿಸಿದ್ದರು. ಹಲಗೆಯ ಉದ್ದಕ್ಕೂ ಗೀರು. ಉಡುಪಿ ಕಡೆಯ ಒಬ್ಬ ಆಚಾರ್ರು ನಮ್ಮ ಬಡಾವಣೆಯಲ್ಲಿದ್ದರು, ಅವರನ್ನು ಕರೆಸಿದೆವು. ಅವರು ಬೆಂಚನ್ನು ಸುತ್ತು ಹಾಕಿ, ಅಡಿಗೆ ಕೈಹಾಕಿ, ಒಣಗಿದ ಸುಣ್ಣವನ್ನು ಉಗುರಲ್ಲಿ ಕೆರೆದು ನಕ್ಕರು.

“ಆಚಾರ್ರೇ, ಗೀರು ಹೋಗಬೇಕು, ಬಣ್ಣ ಮಾತ್ರ ಮೊದಲಿನ ಹಾಗೇ ಬರಬೇಕು” ಎಂದೆ.

“ಮೊದಲಿನದ್ದು ಅಂದ್ರೆ ಯಾವಾಗಿನದ್ದು ಮಾರಾಯ್ರೆ?” ಎಂದರು.

ಅಮ್ಮ ಒಳಗಿನಿಂದ “ಜೋನಿಬೆಲ್ಲ!” ಎಂದು ಕೂಗಿದಳು. ಆಚಾರ್ರು ತಲೆಯಾಡಿಸಿ, ತೋಪಡ ತೆಗೆದು ಒಂದು ತುದಿಯಲ್ಲಿ ಒಮ್ಮೆ ಎಳೆದರು. ಕರಿಯ ಚಕ್ಕೆ ಸುರುಳಿ ಸುತ್ತಿ ಕೆಳಗೆ ಬಿತ್ತು. ಇನ್ನೊಮ್ಮೆ ಎಳೆದರು, ಸುರುಳಿ ತಿಳಿಯಾಯಿತು. ಮೂರನೆಯ ಸಲ ಎಳೆದಾಗ ಹಲಗೆಯಿಂದ ಹಸಿ ತೊಗಲಿನ, ಎಣ್ಣೆಯ ಆ ಸಾಗುವಾನಿ ವಾಸನೆ ಎದ್ದಿತು. ಅಷ್ಟು ವರ್ಷ ಹಲಗೆಯೊಳಗೆ ಬಾಯಿ ಮುಚ್ಚಿಕೊಂಡಿದ್ದ ವಾಸನೆ. “ನೋಡಿ, ಬಿಸಿಲು ತಿಂದದ್ದು ಇಷ್ಟೇ. ಒಳಗೆ ಮರಕ್ಕೆ ಇದೆಲ್ಲ ಗೊತ್ತೇ ಇಲ್ಲ” ಎಂದರು. ಅವರ ಮಾತು ಸರಿ. ಅತಿನೇರಳೆ ಕಿರಣ ಮರದೊಳಕ್ಕೆ ಇಳಿಯುವುದು ಸುಮಾರು 75 ಮೈಕ್ರಾನ್, ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಕಣ್ಣಿಗೆ ಕಾಣುವ ಬೆಳಕು ಇನ್ನೂ ಸ್ವಲ್ಪ ಆಳಕ್ಕೆ, ಸುಮಾರು 200 ಮೈಕ್ರಾನ್‌ವರೆಗೆ ಹೋಗುತ್ತದೆ. ಅಜ್ಜನ ಕಾಲದ ಸಂಜೆಗಳೆಲ್ಲ ಸೇರಿ ಹಲಗೆಯೊಳಗೆ ಒಂದು ಮಿಲಿಮೀಟರು ಇಳಿಯಲೂ ಒದ್ದಾಡಿದ್ದವು.

ಕೀಸಿ ಮುಗಿದಾಗ ಯಾರಿಗೂ ಖುಷಿಯಾಗಲಿಲ್ಲ. ಹಲಗೆಯ ಮೇಲೆ ಹಸಿರು ಮಿಶ್ರಿತ ಮಾಸಲು ಪಟ್ಟೆಗಳು. ಇದು ಸಾಗುವಾನಿಯೇ ಹೌದಾ ಎಂದು ಹೆಂಡತಿಗೆ ಅನುಮಾನ. ಆಚಾರ್ರು ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. “ಬಿಸಿಲಿಗಿಡಿ. ಅದೇ ಸರಿ ಮಾಡ್ತದೆ” ಎಂದು ಹಣ ಎಣಿಸಿಕೊಂಡು ಹೋದರು. ಬಿಸಿಲು ಮಾಡಿದ್ದನ್ನು ತೆಗೆಯಲು ಅವರನ್ನು ಕರೆಸಿದ್ದು. ಉಳಿದ ಕೆಲಸಕ್ಕೆ ಅವರು ಬಿಸಿಲನ್ನೇ ನೇಮಿಸಿ ಹೋದರು. ತಾರಸಿಯ ಮೇಲಿಟ್ಟ ಬೆಂಚಿನ ಪಟ್ಟೆಗಳು ಕೆಲವು ವಾರಗಳಲ್ಲಿ ಒಂದರೊಳಗೊಂದು ಸೇರಿ, ಇಡೀ ಹಲಗೆ ಬಂಗಾರದ ಕಂದಿಗೆ ತಿರುಗಿತು. ಅದೇ ಹೆಂಡತಿಯ ಜೇನುಬಣ್ಣ. ಅವಳು ಅದರ ಮೇಲೆ ಕೂತು ತೆಗೆಸಿಕೊಂಡ ಫೋಟೋ ಇನ್ನೂ ಅವಳ ಮೊಬೈಲಿನ ಮುಖದಲ್ಲಿದೆ.

ಅಮ್ಮ ಆ ದಿನ ಕರಿಯ ಚಕ್ಕೆಗಳನ್ನೆಲ್ಲ ಗುಡಿಸಿ ಅಕ್ಕಿ ಚೀಲಕ್ಕೆ ತುಂಬಿದಳು. ಊರಲ್ಲಾದರೆ ಹಂಡೆಯ ಒಲೆಗೆ ಹಾಕಬಹುದಿತ್ತು, ಇಲ್ಲಿ ಗೀಸರ್. ಏನು ಮಾಡುತ್ತಾಳೋ ಎಂದು ನೋಡುತ್ತಿದ್ದೆ. ಆಮೇಲೊಂದು ದಿನ ತುಳಸಿ ಕುಂಡದ ಮಣ್ಣಿನ ಮೇಲೆ ಆ ಸುರುಳಿಗಳು ಹರಡಿಕೊಂಡಿದ್ದವು. “ಗೊಬ್ಬರ” ಎಂದಳು. ಮರದ ಚಕ್ಕೆ ಗೊಬ್ಬರವಾಗಲು ಎಷ್ಟು ಕಾಲ ಬೇಕು ಎಂದು ಅಡಿಕೆ ತೋಟ ಮಾಡಿದವಳಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ.

ತಾರಸಿಗೆ ಸೂರಿಲ್ಲ, ಸೋಗೆಯ ಜಡಿಯಂತೂ ಇಲ್ಲವೇ ಇಲ್ಲ. ಬೆಂಗಳೂರಿನ ಬಿಸಿಲು ಹಿತ ಎಂದು ನಾವು ಹೇಳುತ್ತೇವೆ; ಸುಮಾರು 900 ಮೀಟರ್ ಎತ್ತರದಲ್ಲಿ ಗಾಳಿ ತಂಪಾಗಿರುತ್ತದೆ ಎಂಬುದಷ್ಟೇ ಅದರ ಅರ್ಥ, ಅತಿನೇರಳೆಗೆ ಇಲ್ಲಿ ಯಾವ ರಿಯಾಯಿತಿಯೂ ಇಲ್ಲ. ಬಿಸಿಲು ಒಡೆದದ್ದನ್ನು ಮಧ್ಯಾಹ್ನದ ಮಳೆ ತೊಳೆಯಿತು. ಜೇನು ತೆಳುವಾಯಿತು, ಮೊದಲು ಅಂಚುಗಳಲ್ಲಿ, ಆಮೇಲೆ ಕೈಗಳ ಮೇಲೆ. ಒರಗು ಹಲಗೆಯ ಹಿಂದೆ, ಗೋಡೆಗೆ ತಾಗಿಕೊಂಡ ಜಾಗದಲ್ಲಿ ಮಾತ್ರ ಹಳೇ ಬಣ್ಣ ಉಳಿಯಿತು. ಹೆಂಡತಿ ಕೊಡೆ ಕಟ್ಟಿಸಿದಳು, ಬೆಡ್‌ಶೀಟ್ ಹೊದಿಸಿದಳು, ನೆರಳು ಹೋದ ಕಡೆ ಬೆಂಚನ್ನು ಎಳೆಸಿದಳು. ಎಳೆಯುವವನು ನಾನು. ಕೆಳಗಿನ ಮನೆಯವರು ಮೇಲೆ ಬಂದು, ನಮ್ಮ ಮನೆಯಲ್ಲಿ ದಿನಾ ಮಧ್ಯಾಹ್ನ ಯಾರಾದರೂ ಜಗಳವಾಡುತ್ತಾರಾ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು.

ಸಲಹೆಗೆ ಬರವಿರಲಿಲ್ಲ. ಎದುರು ಮನೆಯವರು ತೆಂಗಿನೆಣ್ಣೆ ಎಂದರು. ಭಾವ ಅಗಸೆ ಎಣ್ಣೆ ಎಂದ. ವಾಟ್ಸಾಪಿನಲ್ಲಿ ಯಾರೋ ಚಹಾದ ಡಿಕಾಕ್ಷನ್ ಎಂದರು. ಎಣ್ಣೆ ಹಚ್ಚಿದ ದಿನ ಮರ ಹೊಳೆಯುತ್ತದೆ, ನಿಜ. ಆದರೆ ಬರೀ ಎಣ್ಣೆ ಅತಿನೇರಳೆಯನ್ನು ತಡೆಯುವುದು ಅಷ್ಟಕ್ಕಷ್ಟೇ, ಶಿಲೀಂಧ್ರಕ್ಕೆ ಮಾತ್ರ ಊಟ. ತಿಳಿ ವಾರ್ನಿಶ್ ಇನ್ನೂ ಮೋಸ. ಅದು ಗಾಜಿನ ಕಿಟಕಿಯ ಕೆಲಸ ಮಾಡಿ ಬೆಳಕನ್ನು ಒಳಬಿಡುತ್ತದೆ. ಅಡಿಯಲ್ಲಿ ಮರದ ಮೈ ಸಡಿಲಾಗಿ, ವಾರ್ನಿಶ್ಶೇ ಹಾಳೆ ಹಾಳೆಯಾಗಿ ಏಳುತ್ತದೆ. ಬಿಸಿಲನ್ನು ನಿಜವಾಗಿ ತಡೆಯುವುದು ಬಣ್ಣದ ಪುಡಿ ಇರುವ ಲೇಪ, ಅದರಲ್ಲೂ ಕಬ್ಬಿಣದ ಆಕ್ಸೈಡಿನ ಕೆಂಪು, ಕಂದು. ನಮ್ಮ ಕೆಮ್ಮಣ್ಣಿನಲ್ಲಿ ಇರುವುದೂ ಅದೇ. ಎಲ್ಲಕ್ಕಿಂತ ಗಟ್ಟಿ ರಕ್ಷಣೆ ದಪ್ಪನೆಯ ಪೇಂಟು. ಮಲೆನಾಡಿಗೆ ಪೇಂಟಿನ ಡಬ್ಬಿ ಬಂದ ಹೊಸತರಲ್ಲಿ ಹಿರಿಯರು ಕಂಬ, ಬಾಗಿಲು, ತೊಟ್ಟಿಲು ಬಿಡದೆ ಎಲ್ಲಕ್ಕೂ ಗಿಳಿಹಸಿರು ಬಳಿದಿದ್ದರು. ಮೊಮ್ಮಕ್ಕಳು ಹಣ ಕೊಟ್ಟು ಅದನ್ನು ಕೆರೆಸಿದರು. ಕೆರೆದಾಗ ಒಳಗೆ ಮರ ಹಾಗೇ ಇದ್ದದ್ದು ಕಂಡು “ನಮ್ಮ ಹಿರಿಯರಿಗೆ ರುಚಿಯೇ ಇರಲಿಲ್ಲ” ಎಂದರು. ಮರ ಹಾಗೇ ಇದ್ದದ್ದು ಆ ಗಿಳಿಹಸಿರಿನಿಂದ ಎಂದು ಹೇಳಲು ಹಿರಿಯರು ಉಳಿದಿರಲಿಲ್ಲ.

ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಎಂದೊಂದಿದೆ. ಮರ ಬೆಳಕಿಗೆ ಬಣ್ಣಗೆಡುವುದನ್ನೇ ಅಧ್ಯಯನ ಮಾಡಿದ ವಿಜ್ಞಾನಿಗಳು ಅಲ್ಲಿದ್ದಾರೆ. ಇಂಥ ಪ್ರಯೋಗಗಳಲ್ಲಿ ಮರದ ತುಂಡುಗಳನ್ನು ಕ್ಸೆನಾನ್ ದೀಪದಡಿ ಇಟ್ಟು, ವರ್ಷಗಳ ಬಿಸಿಲನ್ನು ವಾರಗಳಲ್ಲಿ ತಿನ್ನಿಸುತ್ತಾರೆ. ಇಲ್ಲವೇ ಬಯಲಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಓರೆಯಾಗಿ ನಿಲ್ಲಿಸುತ್ತಾರೆ. ಆಗಾಗ ಯಂತ್ರ ಹಿಡಿದು ಬಣ್ಣವನ್ನು ಮೂರು ಅಂಕಿಗಳಲ್ಲಿ ಬರೆದುಕೊಳ್ಳುತ್ತಾರೆ: ಎಷ್ಟು ಬೆಳಕು, ಎಷ್ಟು ಕೆಂಪು, ಎಷ್ಟು ಹಳದಿ. ಈ ವಿಷಯ ಅಮ್ಮನಿಗೆ ಹೇಳಿದೆ. “ಜೋನಿಬೆಲ್ಲಕ್ಕೆ ಎಷ್ಟು ಅಂಕಿಯಂತೆ?” ಎಂದಳು. ಜೋನಿಬೆಲ್ಲವನ್ನು ಯಾರೂ ಅಳೆದಂತಿಲ್ಲ.

ಮಗಳ ಕಾಲಕ್ಕೆ ಬೆಂಚು ಪೂರ್ತಿ ಬೂದು. ಅವಳು ಹುಟ್ಟಿದ್ದೇ ಈ ಬಣ್ಣದ ಪಕ್ಕದಲ್ಲಿ. ನಿಂತು ಓಡಾಡಲು ಹಿಡಿದದ್ದು ಈ ಬೂದು ಕೈಗಳನ್ನು. ಸೋಫಾ ಕೊಳ್ಳಲು ಹೋದಾಗ ಅಂಗಡಿಯಲ್ಲಿ ಇದೇ ಬಣ್ಣದ ಹೊಚ್ಚ ಹೊಸ ಬೆಂಚು ಕಂಡಿತು. ಬೆಲೆ ಮಾಮೂಲಿ ಬಣ್ಣದ್ದಕ್ಕಿಂತ ಹೆಚ್ಚು. “ವೆದರ್ಡ್ ಫಿನಿಶ್ ಸರ್, ತುಂಬಾ ಡಿಮ್ಯಾಂಡು” ಎಂದ ಅಂಗಡಿಯ ಹುಡುಗ. ಇದಕ್ಕೆ ಉಪಾಯಗಳಿವೆ. ಕಬ್ಬಿಣದ ನಾರನ್ನು ವಿನೆಗರಿನಲ್ಲಿ ನೆನೆಹಾಕಿ, ಆ ನೀರನ್ನು ಒಗರು ಇರುವ ಮರಕ್ಕೆ ಬಳಿದರೆ ಕಬ್ಬಿಣವೂ ಒಗರೂ ಸೇರಿ ಒಂದೇ ಸಂಜೆಗೆ ಬೂದುಗಪ್ಪು ಬಂದುಬಿಡುತ್ತದೆ. ಹಳೇ ಬಾಗಿಲಿನ ಮೊಳೆಯ ಸುತ್ತ ಕಪ್ಪು ಇಳಿಯುವುದೂ ಇದೇ ಕಾರಣಕ್ಕೆ. ನಾನು ವರ್ಷಗಟ್ಟಲೆ ಬೆಂಚು ಎಳೆದಾಡಿ ತಡೆಯಲು ನೋಡಿದ ಬಣ್ಣವನ್ನು ಜನ ಹಣ ಕೊಟ್ಟು, ಕಾರ್ಡು ಉಜ್ಜಿ, ಹೋಮ್ ಡೆಲಿವರಿ ಮಾಡಿಸಿಕೊಳ್ಳುತ್ತಿದ್ದರು. ಮಗಳು ಹೆಮ್ಮೆಯಿಂದ “ನಮ್ಮನೇದು ಒರಿಜಿನಲ್” ಎಂದಳು. ಹುಡುಗನಿಗೆ ನಂಬಿಕೆಯಾದಂತೆ ಕಾಣಲಿಲ್ಲ.

ಈಚೆಗೆ ಹೆಂಡತಿ ಮತ್ತೆ ಆಚಾರ್ರನ್ನು ಕರೆಸಬೇಕು ಎನ್ನುತ್ತಿದ್ದಾಳೆ. ಹಲಗೆ ಸವೆದುಹೋಗುತ್ತದೆ ಎಂಬುದು ಅವಳ ಭಯ. ಪೈನ್‌ನಂಥ ಮೆದು ಮರವನ್ನು ಬಯಲಿಗೆ ಬಿಟ್ಟರೂ ಬಿಸಿಲು, ಮಳೆ ಸೇರಿ ನೂರು ವರ್ಷಕ್ಕೆ ಸುಮಾರು 6 ಮಿಲಿಮೀಟರ್ ತಿನ್ನುತ್ತವೆ, ಗಟ್ಟಿ ಮರವಾದರೆ ಇನ್ನೂ ಕಡಿಮೆ ಎಂದು ನಾನು ಲೆಕ್ಕ ಒಪ್ಪಿಸಿದೆ. ನಮ್ಮ ಹಲಗೆ ಒಂದೂವರೆ ಇಂಚು ದಪ್ಪ. ಬಿಸಿಲಿಗಿಂತ ಆಚಾರ್ರ ತೋಪಡವೇ ಬೇಗ ಮುಗಿಸೀತು. ಅಮ್ಮ ಇದನ್ನು ಕೇಳಿ ನನ್ನ ಪಕ್ಷ ಬಂದಳು. ಹಾಗಂತ ಬೂದು ಬಣ್ಣವನ್ನು ಒಪ್ಪಿದ್ದಾಳೆ ಎಂದಲ್ಲ. ಬೆಂಚಿಗೆ ಒಂದು ತಗಡಿನ ಸೂರು ಹಾಕಿ, ಮಳೆಗಾಲದಲ್ಲಿ ಮರೆ ಕಟ್ಟಿ, ದೀಪಾವಳಿಗೆ ಬಿಚ್ಚಿದರೆ ಜೋನಿಬೆಲ್ಲ ತಾನೇ ಬರುತ್ತದೆ ಎಂದು ಅವಳ ವಾದ. ಬರಬಹುದು. ಅಷ್ಟು ಕಾಲ ಯಾರು ಕಾಯುತ್ತಾರೆ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಆಗಲಿಲ್ಲ. ಅವಳೇ “ನೀವೆಲ್ಲ ಇದ್ದೀರಲ್ಲ” ಎಂದಳು.

ಅಷ್ಟರಲ್ಲಿ ಊರಿಂದ ತಮ್ಮನ ಫೋನು. ಮನೆಯ ಅರ್ಧವನ್ನು ಹೋಮ್‌ಸ್ಟೇ ಮಾಡುತ್ತಿದ್ದಾನೆ. ಜಗಲಿಯ ಮೇಲೆ ಹಂಚು ತೆಗೆಸಿ ಪಾರದರ್ಶಕ ಶೀಟು ಹಾಕಿಸಿದ್ದಾನಂತೆ, ಗೆಸ್ಟುಗಳಿಗೆ ಬೆಳಕು ಬೇಕಂತೆ.

“ಅಣ್ಣಾ, ಆ ಅಜ್ಜನ ಬೆಂಚು ಬೇಕಾಗಿತ್ತು. ಮಗಳು ಫೋಟೋ ಹಾಕಿದ್ದಳಲ್ಲ, ಆ ಬೂದು ಬಣ್ಣ ಬಹಳ ಚೆನ್ನಾಗಿದೆ. ಪಾಲಿಶ್ ಗೀಲಿಶ್ ಮಾಡಿಸಬೇಡ ಮಾರಾಯ. ಬಂದವರಿಗೆ ಹಳೇದರ ಹಾಗೆ ಕಾಣಬೇಕು.”

“ಅದು ಅಲ್ಲಿ ಇದ್ದಾಗ ಆ ಬಣ್ಣ ಇರಲಿಲ್ಲವಲ್ಲೋ” ಎಂದೆ.

“ಗೆಸ್ಟುಗಳಿಗೇನು ಗೊತ್ತು?” ಎಂದ.

ಅಮ್ಮ ಫೋನು ಕಿತ್ತುಕೊಂಡು, ಶೀಟಿನ ಅಡಿಗೆ ಜಡಿ ಕಟ್ಟಲು ಗಳ ನಿಲ್ಲಿಸಿದ್ದೀಯೋ ಇಲ್ಲವೋ ಎಂದು ವಿಚಾರಿಸತೊಡಗಿದಳು. ಹೆಂಡತಿ ಈ ಕಡೆಯಿಂದ, ಬೆಂಚು ಹೋಗುವುದಾದರೆ ಲಾರಿ ಬಾಡಿಗೆ ಯಾರದ್ದು ಎಂದು ಕೈಸನ್ನೆ ಮಾಡಿ ಕೇಳಿದಳು. ಅದು ಇನ್ನೂ ತೀರ್ಮಾನವಾಗಿಲ್ಲ. ಕಪಾಟು ಮಾತ್ರ ಮೇಲೆ ಒರಗಿಸಕೂಡದು ಎಂಬಲ್ಲಿಗೆ ಎಲ್ಲರದೂ ಒಪ್ಪಿಗೆಯಾಗಿದೆ.